ಮನೆಯ ಮಾತು, ಪರದೆಯ ಮಾತು

(ಟ್ರಸ್ಟಿನ ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ)





ಈ ದಿನ ಮಾತನಾಡಲು ಸಂಘಟಕರು ನನಗೆ ಕೊಟ್ಟ ವಿಷಯ ‘ಅಲ್ಪಸಂಖ್ಯಾತರು ಮತ್ತು ಮಾಧ್ಯಮ’. ಇದು ಬಹಳ ದೊಡ್ಡ ವಿಷಯ. ಆದ್ದರಿಂದ ನಾನು ಅದರ ಒಂದು ಮೂಲೆಯನ್ನು ಮಾತ್ರ ಹಿಡಿದುಕೊಳ್ಳುತ್ತೇನೆ. ನಮ್ಮ ಮನೆಗಳಲ್ಲಿ ಟಿವಿ ಯಾವ ಭಾಷೆಯಲ್ಲಿ ಮಾತನಾಡುತ್ತದೆ, ಅದನ್ನು ನೋಡುತ್ತಾ ನೋಡುತ್ತಾ ನಾವು ನಮ್ಮನ್ನು ಯಾರೆಂದು ತಿಳಿದುಕೊಳ್ಳುತ್ತೇವೆ, ಇಷ್ಟೇ ನನ್ನ ಮಾತು.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ದೂರ ಮಾಡಬೇಕು. ಕರ್ನಾಟಕದ ಮುಸ್ಲಿಮರೆಲ್ಲರ ಮಾತೃಭಾಷೆ ಉರ್ದು ಎಂದು ಹೊರಗಿನವರು ತಿಳಿದಿದ್ದಾರೆ. ನಮ್ಮಲ್ಲೂ ಹಲವರು ಹಾಗೆಯೇ ತಿಳಿದಿದ್ದಾರೆ. 2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ ಮುಸ್ಲಿಮರು ಸುಮಾರು 79 ಲಕ್ಷ. ಉರ್ದು ಮಾತೃಭಾಷೆ ಎಂದು ಬರೆಸಿದವರು ಸುಮಾರು 66 ಲಕ್ಷ. ಉಳಿದವರು ಯಾರು? ದಕ್ಷಿಣ ಕನ್ನಡ, ಉಡುಪಿಯ ಬ್ಯಾರಿಗಳು. ಅವರ ಮಾತು ಮಲಯಾಳಕ್ಕೆ ಹತ್ತಿರ, ತುಳುವಿನ ಒಡನಾಟದಲ್ಲಿ ಬೆಳೆದದ್ದು, ಇಂದು ಬರೆಯುವುದು ಕನ್ನಡ ಲಿಪಿಯಲ್ಲಿ. ಭಟ್ಕಳದ ನವಾಯತರು, ಅವರ ಮಾತಿನ ಬುಡ ಕೊಂಕಣಿ, ಬರೆಯುವುದು ಉರ್ದು ಲಿಪಿಯಲ್ಲಿ. ಉತ್ತರ ಕರ್ನಾಟಕದ ನದಾಫ, ಪಿಂಜಾರ ಕುಟುಂಬಗಳಲ್ಲಿ ಬಹಳಷ್ಟು ಮಂದಿಗೆ ಕನ್ನಡವೇ ಮನೆಮಾತು. ಗಡಿಯಲ್ಲಿ ತಮಿಳು, ಮಲಯಾಳ ಆಡುವವರಿದ್ದಾರೆ. ಉರ್ದು ಎಂದು ಬರೆಸಿದವರಲ್ಲೂ ಹೆಚ್ಚಿನವರು ಮನೆಯಲ್ಲಿ ಆಡುವುದು ಪುಸ್ತಕದ ಉರ್ದು ಅಲ್ಲ, ದಖ್ಖನಿ. ಈ ಸಭಾಂಗಣದಲ್ಲೇ ನಾಲ್ಕೈದು ಮನೆಮಾತುಗಳಿವೆ. ಅವೆಲ್ಲಕ್ಕೂ ಸಾಮಾನ್ಯವಾಗಿರುವುದು ನಾನು ಈಗ ಆಡುತ್ತಿರುವ ಕನ್ನಡ.

ಹೀಗಿರುವಾಗ ಸಂಜೆ ಏಳರಿಂದ ಹತ್ತರವರೆಗೆ ನಮ್ಮ ಮನೆಗಳಲ್ಲಿ ಏನು ನಡೆಯುತ್ತದೆ ನೋಡಿ. ಅಮ್ಮಿ ಕನ್ನಡ ಧಾರಾವಾಹಿ ನೋಡುತ್ತಾರೆ, ಇಲ್ಲವೇ ಹಿಂದಿಯದ್ದು. ಅಬ್ಬಾ ಸುದ್ದಿ ನೋಡುತ್ತಾರೆ. ಮಕ್ಕಳಿಗೆ ಕಾರ್ಟೂನು, ಕ್ರಿಕೆಟ್ಟು. ಅದು ಹಿಂದಿ ಅಥವಾ ಇಂಗ್ಲಿಷ್. ಕರಾವಳಿಯ ಮನೆಯಾದರೆ ಮಲಯಾಳ ವಾಹಿನಿಯೂ ಇರುತ್ತದೆ. ದಾದಿಗೆ ಮಾತ್ರ ಪರದೆಯ ಮೇಲೆ ತನ್ನ ಮಾತು ಸಿಗುವುದಿಲ್ಲ. ಅವರು ತಸ್ಬೀಹ್ ಹಿಡಿದು ಒಂದು ಮೂಲೆಯಲ್ಲಿ ಕೂತಿರುತ್ತಾರೆ. ಆ ಮನೆಯ ಭಾಷೆ ಯಾರ ಬಾಯಲ್ಲಿ ಎಲ್ಲರಿಗಿಂತ ಚೆನ್ನಾಗಿದೆಯೋ ಅವರೇ ಆ ಮೂರು ಗಂಟೆ ಮೌನವಾಗಿರುತ್ತಾರೆ. ನಾನು ಹೇಳಲು ಹೊರಟಿರುವುದೆಲ್ಲ ಈ ಮೌನದ ಬಗ್ಗೆ.

ಹತ್ತು ನಿಮಿಷದ ವಾರ್ತೆ

ಇಲ್ಲಿರುವ ವಿದ್ಯಾರ್ಥಿಗಳಲ್ಲಿ ಯಾರೂ 1994ರಲ್ಲಿ ಹುಟ್ಟಿರಲಿಲ್ಲ. ಹಿರಿಯರಿಗೆ ನೆನಪಿದೆ. ಆ ವರ್ಷ ಅಕ್ಟೋಬರ್ ಮೊದಲ ವಾರದಲ್ಲಿ ಬೆಂಗಳೂರು ದೂರದರ್ಶನದಲ್ಲಿ ಹತ್ತು ನಿಮಿಷದ ಉರ್ದು ವಾರ್ತೆ ಆರಂಭವಾಯಿತು. ಕೆಲವೇ ದಿನಗಳಲ್ಲಿ ಪ್ರತಿಭಟನೆ ಎದ್ದಿತು, ಅದು ಗಲಭೆಯಾಯಿತು. ಇಪ್ಪತ್ತಕ್ಕೂ ಹೆಚ್ಚು ಜೀವಗಳು ಹೋದವು. ಅಂಗಡಿಗಳು ಸುಟ್ಟವು. ಉರ್ದು ವಾರ್ತೆ ನಿಂತಿತು.

ಹತ್ತು ನಿಮಿಷದ ವಾರ್ತೆಗೆ ಇಷ್ಟೊಂದು ರಕ್ತ ಏಕೆ ಹರಿಯಿತು? ಈ ಪ್ರಶ್ನೆಯನ್ನು ಕೋಪವಿಲ್ಲದೆ ಕೇಳಿಕೊಳ್ಳುವಷ್ಟು ಕಾಲ ಈಗ ಕಳೆದಿದೆ. ವಿಧಾನಸಭೆ ಚುನಾವಣೆ ಒಂದೆರಡು ತಿಂಗಳಲ್ಲಿತ್ತು. ಆದ್ದರಿಂದ ಇದು ಮತಕ್ಕಾಗಿ ಕೊಟ್ಟ ಉಡುಗೊರೆ ಎಂಬ ಮಾತು ಹುಟ್ಟಿತು. ಅದನ್ನು ಬಳಸಿಕೊಂಡು ಬೆಂಕಿ ಹಚ್ಚುವವರೂ ಇದ್ದರು. ಆದರೆ ಅದರ ಕೆಳಗೆ ಇನ್ನೊಂದು ಕಾರಣವಿತ್ತು. ಅದನ್ನು ನಾವು ಅರ್ಥ ಮಾಡಿಕೊಳ್ಳಬೇಕು.

ಅಂದು ಸಾಮಾನ್ಯರ ಮನೆಯಲ್ಲಿ ಆಂಟೆನಾಕ್ಕೆ ಸಿಗುತ್ತಿದ್ದದ್ದು ದೂರದರ್ಶನ ಮಾತ್ರ. ಮೊದಲ ಕನ್ನಡ ಖಾಸಗಿ ವಾಹಿನಿ ಉದಯ ಟಿವಿ ಅದೇ ವರ್ಷ ಜೂನ್‌ನಲ್ಲಷ್ಟೇ ಶುರುವಾಗಿತ್ತು. ಅದಕ್ಕೆ ಕೇಬಲ್ ಬೇಕಿತ್ತು. 1982ರಿಂದ ರಾತ್ರಿಯ ಮುಖ್ಯ ಹೊತ್ತನ್ನು ದೆಹಲಿಯ ರಾಷ್ಟ್ರೀಯ ಕಾರ್ಯಕ್ರಮ ತೆಗೆದುಕೊಳ್ಳುತ್ತಿತ್ತು. ಕನ್ನಡಕ್ಕೆ ಸಿಗುತ್ತಿದ್ದದ್ದು ಸಂಜೆಯ ಸ್ವಲ್ಪ ಸಮಯ. ಅದೇ ಬೆಂಗಳೂರು 1980ರ ದಶಕದ ಆರಂಭದಲ್ಲಿ ಗೋಕಾಕ್ ಚಳವಳಿಯನ್ನು ಕಂಡಿತ್ತು. ತನ್ನ ರಾಜಧಾನಿಯಲ್ಲೇ ತನ್ನ ಭಾಷೆಗೆ ಜಾಗ ಸಾಲದು ಎಂಬ ಕೊರಗು ಕನ್ನಡಿಗರಲ್ಲಿ ಮೊದಲೇ ಇತ್ತು. ಆ ಚಿಕ್ಕ ಜಾಗದ ಪಕ್ಕದಲ್ಲೇ ಹತ್ತು ನಿಮಿಷ ಇನ್ನೊಂದು ಭಾಷೆಗೆ ಹೋದಾಗ, ದೆಹಲಿ ಕಿತ್ತುಕೊಂಡ ಗಂಟೆಗಳು ಕಾಣಲಿಲ್ಲ, ಪಕ್ಕದ ಮನೆಯವನ ಹತ್ತು ನಿಮಿಷ ಕಂಡಿತು. ಬಡವರ ಮನೆಯಲ್ಲಿ ಒಂದೇ ರೊಟ್ಟಿ ಇದ್ದಾಗ ಅಣ್ಣತಮ್ಮಂದಿರು ಜಗಳವಾಡುವುದು ಹೀಗೆಯೇ.

ಇದರಿಂದ ಗಲಭೆ ಸರಿಯಾಗುವುದಿಲ್ಲ. ಸತ್ತವರಲ್ಲಿ ಯಾರೂ ಆ ವಾರ್ತೆಯನ್ನು ಕೇಳಿ ತಂದವರಲ್ಲ. ಆದರೆ ಒಂದು ಪಾಠ ಇಲ್ಲಿದೆ. ಆಕಾಶವಾಣಿ ದೆಹಲಿಯಿಂದ ವರ್ಷಗಟ್ಟಲೆ ಉರ್ದು ಕಾರ್ಯಕ್ರಮಗಳನ್ನು ಬಿತ್ತರಿಸುತ್ತಿತ್ತು. ಅದು ಬೆಂಗಳೂರಿನ ಬೀದಿಯ ವಿಷಯವಾಗಿರಲಿಲ್ಲ. ಟಿವಿ ಹಾಗಲ್ಲ. ಊರಿನ ಟಿವಿಯಲ್ಲಿ ಒಂದು ಭಾಷೆ ಕೇಳಿಸಿದರೆ ಆ ಭಾಷೆಯವರು ಈ ಊರಿನ ಪಾಲುದಾರರು ಎಂದು ಎಲ್ಲರ ಮುಂದೆ ಸಾರಿದಂತೆ. ಅದಕ್ಕೇ ಉರ್ದು ಮಾತನಾಡುವವರಿಗೆ ಆ ಹತ್ತು ನಿಮಿಷ ಅಷ್ಟೊಂದು ಬೇಕಾಗಿತ್ತು. ಅದಕ್ಕೇ ಅದನ್ನು ವಿರೋಧಿಸಿದವರಿಗೆ ಅದು ಅಷ್ಟೊಂದು ಚುಚ್ಚಿತು. ಸುದ್ದಿ ತಿಳಿಯುವುದಕ್ಕಾದರೆ ಪತ್ರಿಕೆಗಳಿದ್ದವು. ಅಲ್ಲಿ ಪ್ರಶ್ನೆ ಇದ್ದದ್ದು ಲೆಕ್ಕಕ್ಕೆ ಸೇರುವುದರದ್ದು.

ಉರ್ದು ಬಂತು, ನಮ್ಮದು ಬರಲಿಲ್ಲ

ಆಮೇಲೆ ಉಪಗ್ರಹ ವಾಹಿನಿಗಳು ಬಂದವು. ಮಲಯಾಳದ ಏಷ್ಯಾನೆಟ್ 1993ರಲ್ಲೇ ಬಂದಿತ್ತು. 2001ರಲ್ಲಿ ಈಟಿವಿ ಉರ್ದು, 2006ರಲ್ಲಿ ಡಿಡಿ ಉರ್ದು ಶುರುವಾದವು. 1994ರಲ್ಲಿ ಹತ್ತು ನಿಮಿಷಕ್ಕೆ ಜಗಳವಾಗಿತ್ತು. ಈಗ ಇಪ್ಪತ್ನಾಲ್ಕು ಗಂಟೆ ಉರ್ದು ಮನೆಗೆ ಬಂತು, ಯಾರೂ ಬೀದಿಗಿಳಿಯಲಿಲ್ಲ. ಏಕೆಂದರೆ ಈಗ ರೊಟ್ಟಿ ಒಂದೇ ಆಗಿರಲಿಲ್ಲ. ಅವರವರ ವಾಹಿನಿ ಅವರವರಿಗೆ.

ಆದರೆ ಇಲ್ಲಿ ಒಂದು ವಿಚಿತ್ರ ನಡೆಯಿತು. ಉರ್ದು ಬಂತು ನಿಜ, ಅದು ನಮ್ಮ ಉರ್ದು ಆಗಿರಲಿಲ್ಲ. 1990ರಲ್ಲಿ ದೂರದರ್ಶನದಲ್ಲಿ ಟಿಪ್ಪು ಸುಲ್ತಾನರ ಧಾರಾವಾಹಿ ಬಂದಾಗಲೇ ಇದನ್ನು ಗಮನಿಸಬಹುದಿತ್ತು. ನಮ್ಮ ನಾಡಿನ ದೊರೆ, ಕಥೆ ನಡೆಯುವುದು ಕಾವೇರಿ ತೀರದ ಶ್ರೀರಂಗಪಟ್ಟಣದಲ್ಲಿ. ಪಾತ್ರಗಳು ಆಡುವುದು ಉತ್ತರ ಭಾರತದ ಮಾತು. ನಮ್ಮ ದಾದಿ ನಾನಿಯರು ಆಡುವ ಮಾತಿನ ಒಂದು ಎಳೆಯೂ ಅಲ್ಲಿರಲಿಲ್ಲ.

ದಖ್ಖನಿ ಎಲ್ಲಿ ಕೇಳಿಸುತ್ತದೆ? ಹಾಸ್ಯದಲ್ಲಿ. 1965ರ ‘ಗುಮ್ನಾಮ್’ ಚಿತ್ರದಲ್ಲಿ ಮೆಹಮೂದ್ ಅಡುಗೆಯವನ ಪಾತ್ರದಲ್ಲಿ ಹೈದರಾಬಾದಿ ಮಾತಾಡಿದ ಮೇಲೆ ಅದು ನಗಿಸುವ ಭಾಷೆ ಎಂದೇ ಹೆಸರಾಯಿತು. ಶ್ಯಾಮ್ ಬೆನೆಗಲ್ ಅವರ ‘ಅಂಕುರ್’ನಂತಹ ಚಿತ್ರಗಳು ಈ ಮಾತಿಗೆ ಗಂಭೀರ ಪಾತ್ರಗಳನ್ನು ಕೊಟ್ಟವು, ಆದರೆ ಅಂಥವು ಕಡಿಮೆ. ನಾಯಕ ಶುದ್ಧ ಉರ್ದು ಆಡುತ್ತಾನೆ, ಅಡುಗೆಯವನು, ಆಟೋದವನು, ಪುಂಡ ದಖ್ಖನಿ ಆಡುತ್ತಾರೆ. ಇದನ್ನು ಹತ್ತು ಸಲ ನೋಡಿದ ಮಗುವಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ತನ್ನ ಮನೆಯ ಮಾತು ನಗುವುದಕ್ಕೆ, ದೊಡ್ಡ ಕೆಲಸಕ್ಕೆ ಅಲ್ಲ ಎಂದು ಅದು ತಾನೇ ಕಲಿಯುತ್ತದೆ. ಆಮೇಲೆ ಗೆಳೆಯರ ಮುಂದೆ ‘ನಕ್ಕೊ’ ಎನ್ನಲು ನಾಚುತ್ತದೆ. ಮನೆಗೆ ಬಂದ ಅತಿಥಿಗಳ ಮುಂದೆ ದಾದಿ ‘ಕೈಕು’ ಎಂದರೆ ಮೊಮ್ಮಗ ತಿದ್ದುತ್ತಾನೆ: ‘ಕ್ಯೋಂ ಬೋಲೋ ದಾದಿ.’

ಆ ಮೊಮ್ಮಗನಿಗೆ ನಾವು ಏನು ಹೇಳಬೇಕು? ನೀನು ತಿದ್ದುತ್ತಿರುವ ಮಾತಿಗೆ ದೆಹಲಿಯ ಉರ್ದು ಕಾವ್ಯಕ್ಕಿಂತ ಹಳೆಯ ಸಾಹಿತ್ಯವಿದೆ ಎಂದು ಹೇಳಬೇಕು. ಖ್ವಾಜಾ ಬಂದೇ ನವಾಜರು ನೆಲೆಸಿದ ಕಲಬುರಗಿಯ ಸುತ್ತ ಬೆಳೆದ ಭಾಷೆ ಇದು. ವಿಜಯಪುರದ ಎರಡನೆಯ ಇಬ್ರಾಹಿಂ ಆದಿಲ್ ಶಾಹ್ ಸಂಗೀತದ ಮೇಲೆ ‘ಕಿತಾಬ್-ಎ-ನೌರಸ್’ ಬರೆದದ್ದು ಈ ಭಾಷೆಯಲ್ಲಿ. ಅದರಲ್ಲಿ ಸರಸ್ವತಿಯ ಸ್ತುತಿಯೂ ಇದೆ. ಆಸ್ಥಾನಕವಿ ನುಸ್ರತಿ ಬರೆದದ್ದು ಈ ಭಾಷೆಯಲ್ಲಿ. ಹೈದರಾಬಾದ್ ನಗರವನ್ನು ಕಟ್ಟಿದ ಕುಲಿ ಕುತುಬ್ ಶಾಹ್ ಇದರ ದೊಡ್ಡ ಕವಿ. 1700ರ ಹೊತ್ತಿಗೆ ದಖ್ಖನಿನ ವಲಿ ದೆಹಲಿಗೆ ಹೋದ ಮೇಲೆ, ಪಾರಸಿಯಲ್ಲೇ ಬರೆಯುತ್ತಿದ್ದ ಅಲ್ಲಿನ ಕವಿಗಳಿಗೆ ಜನರ ಮಾತಿನಲ್ಲೂ ಗಜಲ್ ಬರೆಯಬಹುದು ಎಂಬ ಧೈರ್ಯ ಬಂತು. ಕೊಟ್ಟವರು ನಾವು, ಇಂದು ನಾಚುವವರೂ ನಾವೇ.

ಇನ್ನೂ ಒಂದು ಮಾತು. ದಖ್ಖನಿಯ ಒಳಗೆ ಕನ್ನಡವಿದೆ. ‘ಆತೂಂ ಬೋಲ್ಕೆ ಬೋಲ್ಯಾ’ ಎನ್ನುತ್ತೇವೆ. ಲಖನೌದವರು ಇದನ್ನು ಕೇಳಿದರೆ ನಗುತ್ತಾರೆ. ಪಕ್ಕದ ಮನೆಯ ಕನ್ನಡದವರನ್ನು ಕೇಳಿ. ‘ಬರ್ತೀನಿ ಅಂತ ಹೇಳಿದ’ ಎನ್ನುತ್ತಾರೆ. ‘ಅಂತ’ ಇದ್ದ ಜಾಗದಲ್ಲೇ ‘ಬೋಲ್ಕೆ’ ಕೂತಿದೆ. ನೂರಾರು ವರ್ಷ ಒಂದೇ ಬಾವಿಯ ನೀರು ಕುಡಿದವರ ಮಾತು ಹೀಗಿರುತ್ತದೆ. ನಾವು ಈ ನೆಲದವರು ಎನ್ನುವುದಕ್ಕೆ ನಮ್ಮ ದಾದಿಯ ಬಾಯಲ್ಲೇ ದಾಖಲೆ ಇದೆ. ಆ ದಾಖಲೆಯನ್ನು ಅಳಿಸಿ ಟಿವಿಯ ಉರ್ದುವನ್ನು ಬರೆದುಕೊಂಡರೆ ನಾವು ಎಲ್ಲಿಂದಲೋ ಬಂದವರಂತೆ ಕಾಣುತ್ತೇವೆ. ಶುದ್ಧ ಉರ್ದು ಕಲಿಯಬೇಡಿ ಎಂದು ಇದರ ಅರ್ಥವಲ್ಲ. ಪುಸ್ತಕಕ್ಕೆ, ಶಾಯರಿಗೆ, ದೇಶದ ಬೇರೆ ಭಾಗದವರ ಜೊತೆ ವ್ಯವಹಾರಕ್ಕೆ ಅದು ಬೇಕು. ಆದರೆ ಅದನ್ನು ಕಲಿಯುವುದಕ್ಕೆ ಇದನ್ನು ಕೀಳೆಂದು ತಿಳಿಯಬೇಕಾಗಿಲ್ಲ.

ಬ್ಯಾರಿ ಮಕ್ಕಳಿಗೂ ಇದೇ ಮಾತು. ಬಹಳ ಕಾಲ ಆ ಭಾಷೆಯನ್ನು ಮಲಯಾಳದ ಒಂದು ಒಡಕು ರೂಪ ಎಂದು ಕಡೆಗಣಿಸಲಾಗಿತ್ತು. 2009ರಲ್ಲಿ ಬ್ಯಾರಿ ಸಾಹಿತ್ಯ ಅಕಾಡೆಮಿ ಸ್ಥಾಪನೆಯಾಯಿತು. ಆ ಭಾಷೆಯ ಮೊದಲ ಚಲನಚಿತ್ರ ‘ಬ್ಯಾರಿ’ 2011ರ ಸಾಲಿನ ಅತ್ಯುತ್ತಮ ಚಿತ್ರಕ್ಕಿರುವ ರಾಷ್ಟ್ರಪ್ರಶಸ್ತಿಯನ್ನು ಮರಾಠಿಯ ‘ದೇವೂಳ್’ ಜೊತೆ ಹಂಚಿಕೊಂಡಿತು. ಒಂದು ಚಿತ್ರದಿಂದ ಭಾಷೆ ಉಳಿಯುವುದಿಲ್ಲ. ಆದರೆ ಹೀಗೊಂದು ಭಾಷೆ ಇದೆ ಎಂದು ದೇಶಕ್ಕೆ ತಿಳಿಯಿತು. ಆ ಭಾಷೆಯನ್ನು ಆಡುವ ಹುಡುಗ ಬೆಂಗಳೂರಿನ ಹಾಸ್ಟೆಲಿನಲ್ಲಿ ತನ್ನ ಮನೆಮಾತಿನ ಹೆಸರು ಹೇಳುವಾಗ ವಿವರಣೆ ಕೊಡುವ ಕಷ್ಟ ಸ್ವಲ್ಪ ಕಡಿಮೆಯಾಯಿತು.

ವೇಲ್ಸ್‌ನ ಅನುಭವ

ನಮಗೆ ನಮ್ಮದೇ ವಾಹಿನಿ ಇದ್ದರೆ ಎಲ್ಲ ಸರಿಹೋಗುತ್ತದೆ ಎಂದು ಕೆಲವರು ಹೇಳುತ್ತಾರೆ. ಈ ದಾರಿಯಲ್ಲಿ ನಮಗಿಂತ ಮುಂದೆ ಹೋದವರಿದ್ದಾರೆ. ಅವರಿಗೆ ಏನಾಯಿತು ಎಂದು ನೋಡೋಣ.

ಬ್ರಿಟನ್ನಿನ ಪಶ್ಚಿಮದಲ್ಲಿ ವೇಲ್ಸ್ ಎಂಬ ಚಿಕ್ಕ ನಾಡಿದೆ. ಅವರ ಭಾಷೆ ವೆಲ್ಶ್, ಇಂಗ್ಲಿಷಿಗಿಂತ ಹಳೆಯದು. 1901ರಲ್ಲಿ ಅಲ್ಲಿ ಸುಮಾರು ಅರ್ಧದಷ್ಟು ಜನ ಅದನ್ನು ಆಡುತ್ತಿದ್ದರು. 1981ರ ಹೊತ್ತಿಗೆ ಅದು ನೂರಕ್ಕೆ 19ಕ್ಕೆ ಇಳಿದಿತ್ತು. ಟಿವಿಯಲ್ಲಿ ವೆಲ್ಶ್ ಕಾರ್ಯಕ್ರಮಗಳು ಇದ್ದವು, ಆದರೆ ಇಂಗ್ಲಿಷ್ ವಾಹಿನಿಗಳ ನಡುವೆ ತುರುಕಿದ್ದರು. ವೆಲ್ಶ್ ಬಾರದವರಿಗೆ ಇದರಿಂದ ಸಿಟ್ಟು. ಎಷ್ಟೋ ಮನೆಯವರು ಆಂಟೆನಾವನ್ನು ಇಂಗ್ಲೆಂಡಿನ ಕಡೆಗೆ ತಿರುಗಿಸಿಕೊಂಡರು. ನಮ್ಮ 1994ರ ಕಥೆ ನೆನಪಾಗುತ್ತದೆ ಅಲ್ಲವೇ? ಒಂದೇ ರೊಟ್ಟಿ, ಇಬ್ಬರ ಹಸಿವು.

ಪ್ರತ್ಯೇಕ ವಾಹಿನಿ ಕೊಡುತ್ತೇವೆಂದು ಭರವಸೆ ಕೊಟ್ಟಿದ್ದ ಸರ್ಕಾರ ಅಧಿಕಾರಕ್ಕೆ ಬಂದ ಮೇಲೆ ಹಿಂದೆ ಸರಿಯಿತು. 1980ರಲ್ಲಿ ಗ್ವಿನ್‌ಫೋರ್ ಇವಾನ್ಸ್ ಎಂಬ ಹಿರಿಯ ನಾಯಕರು, ಕೊಟ್ಟ ಮಾತು ಉಳಿಸದಿದ್ದರೆ ಅಕ್ಟೋಬರ್ 6ರಿಂದ ಆಮರಣಾಂತ ಉಪವಾಸ ಮಾಡುತ್ತೇನೆ ಎಂದು ಸಾರಿದರು. ಕಲ್ಲು ಹೊಡೆಯಲಿಲ್ಲ, ಬಸ್ಸು ಸುಡಲಿಲ್ಲ. ಮಾರ್ಗರೆಟ್ ಥ್ಯಾಚರ್ ಸರ್ಕಾರ ಸೆಪ್ಟೆಂಬರ್‌ನಲ್ಲೇ ಮಣಿಯಿತು. 1982ರ ನವೆಂಬರ್ 1ರಂದು ಎಸ್‌ಫೋರ್‌ಸಿ ಎಂಬ ವೆಲ್ಶ್ ವಾಹಿನಿ ಆರಂಭವಾಯಿತು. ವೆಲ್ಶ್ ಬೇಕಾದವರಿಗೆ ವೆಲ್ಶ್ ಸಿಕ್ಕಿತು, ಬೇಡದವರಿಗೆ ಅವರ ಇಂಗ್ಲಿಷ್ ವಾಪಸ್ ಸಿಕ್ಕಿತು. ಇಬ್ಬರ ಸಿಟ್ಟೂ ಇಳಿಯಿತು.

ನಲವತ್ತು ವರ್ಷಗಳ ನಂತರದ ಲೆಕ್ಕ ಏನು? 2001ರಲ್ಲಿ ವೆಲ್ಶ್ ಮಾತನಾಡುವವರ ಪ್ರಮಾಣ ನೂರಕ್ಕೆ ಸುಮಾರು 21ಕ್ಕೆ ಏರಿತು. 2021ರಲ್ಲಿ ಮತ್ತೆ ಇಳಿದು 18ಕ್ಕೆ ಹತ್ತಿರ ಬಂತು. ಅಂದರೆ ವಾಹಿನಿ ಭಾಷೆಯನ್ನು ಬೆಳೆಸಲಿಲ್ಲ. ಹಿಂದಿನ ಎಂಬತ್ತು ವರ್ಷಗಳ ಜಾರುವಿಕೆ ನಿಧಾನವಾಯಿತು, ಅಷ್ಟೆ. ಅದರಲ್ಲೂ ವೆಲ್ಶ್ ಶಾಲೆಗಳ ಪಾಲು ದೊಡ್ಡದು. ವಾಹಿನಿ ಮಾಡಿದ ಕೆಲಸ ಬೇರೆ. ಬರಹಗಾರರು, ನಟರು, ಸಂಕಲನಕಾರರು, ತಂತ್ರಜ್ಞರು ಆ ಭಾಷೆಯಲ್ಲೇ ಕೆಲಸ ಮಾಡಿ ಸಂಸಾರ ನಡೆಸುವಂತಾಯಿತು. ಈ ಭಾಷೆಯಿಂದ ಅನ್ನ ಹುಟ್ಟುತ್ತದೆ ಎಂದು ಮಕ್ಕಳಿಗೆ ಕಣ್ಣಾರೆ ಕಂಡಿತು.

ಭಾಷೆ ಮತ್ತು ಸಮುದಾಯದ ಬಗ್ಗೆ ಕೆಲಸ ಮಾಡಿದ ಹಾವರ್ಡ್ ಜೈಲ್ಸ್ ಮತ್ತು ಸಂಗಡಿಗರು 1977ರಲ್ಲಿ ಒಂದು ವಿಚಾರ ಮುಂದಿಟ್ಟರು. ಒಂದು ಭಾಷಾ ಸಮುದಾಯದ ಕಸುವು ಮೂರು ವಿಷಯಗಳ ಮೇಲೆ ನಿಂತಿದೆ: ಜನರ ಸಂಖ್ಯೆ, ಸಮಾಜದಲ್ಲಿ ಅವರ ಮಾತಿಗಿರುವ ಮರ್ಯಾದೆ, ಸಂಸ್ಥೆಗಳ ಬೆಂಬಲ. ನಮ್ಮನ್ನು ಇದಕ್ಕೆ ಹಿಡಿದು ನೋಡಿ. ಉರ್ದುವಿಗೆ ಸಂಖ್ಯೆ ಇದೆ, 66 ಲಕ್ಷ. ಇದು ವೇಲ್ಸ್‌ನ ಒಟ್ಟು ಜನಸಂಖ್ಯೆಯ ಎರಡು ಪಟ್ಟಿಗೂ ಹೆಚ್ಚು. ಸಂಸ್ಥೆಗಳಿವೆ: ಉರ್ದು ಶಾಲೆಗಳು, ಅಕಾಡೆಮಿ, ‘ಸಾಲಾರ್’ನಂತಹ ದಿನಪತ್ರಿಕೆ. ಸಂವಿಧಾನದ 29ನೇ ವಿಧಿ ಭಾಷೆ, ಲಿಪಿ, ಸಂಸ್ಕೃತಿಯನ್ನು ಕಾಪಾಡಿಕೊಳ್ಳುವ ಹಕ್ಕು ಕೊಟ್ಟಿದೆ. ಕಡಿಮೆ ಇರುವುದು ನಡುವಿನದ್ದು, ಮರ್ಯಾದೆ. ಅದನ್ನು ಸರ್ಕಾರ ಕೊಡಲಾರದು. ಮೊದಲು ನಮ್ಮ ನಡುಮನೆಯಲ್ಲಿ ಅದು ಹುಟ್ಟಬೇಕು.

ಕನ್ನಡ ಸುದ್ದಿ ನೋಡಬೇಕೇ?

ಈಗ ಒಂದು ಕಹಿ ವಿಷಯ. ನಮ್ಮ ಎಷ್ಟೋ ಮನೆಗಳಲ್ಲಿ ಕನ್ನಡ ಸುದ್ದಿ ವಾಹಿನಿಗಳನ್ನು ನೋಡುವುದನ್ನೇ ಬಿಟ್ಟಿದ್ದಾರೆ. ನಮ್ಮನ್ನು ತೋರಿಸುವ ರೀತಿಯಿಂದ ನೊಂದು ಬಿಟ್ಟಿದ್ದಾರೆ. 2020ರಲ್ಲಿ ಕೊರೋನಾ ಬಂದಾಗ ತಬ್ಲೀಗ್ ಜಮಾಅತ್ ಹೆಸರಿನಲ್ಲಿ ಇಡೀ ಸಮುದಾಯವನ್ನು ಹೇಗೆ ಬಿಂಬಿಸಲಾಯಿತು ಎಂಬುದು ನಿಮಗೆ ನೆನಪಿದೆ. ನೋವು ನಿಜ. ಆದರೆ ಟಿವಿ ಆರಿಸುವುದೊಂದೇ ಅದಕ್ಕೆ ಉತ್ತರವೇ?

ಆಗ ಬೆಂಗಳೂರಿನ ನಾಗರಿಕರ ಗುಂಪೊಂದು ಬೇರೆ ಕೆಲಸ ಮಾಡಿತು. ಅವರು ಆ ಕಾರ್ಯಕ್ರಮಗಳನ್ನು ಕೂತು ನೋಡಿದರು. ಪರದೆಯ ಮೇಲೆ ಏನು ಬಂತು, ಯಾವ ಮಾತು ಆಡಿದರು ಎಂದು ದಾಖಲಿಸಿ, ಸುದ್ದಿ ವಾಹಿನಿಗಳೇ ಸೇರಿ ಕಟ್ಟಿಕೊಂಡಿದ್ದ ಸ್ವನಿಯಂತ್ರಣ ಸಂಸ್ಥೆಗೆ ದೂರು ಕೊಟ್ಟರು. 2021ರ ಜೂನ್‌ನಲ್ಲಿ ಆ ಸಂಸ್ಥೆ ಎರಡು ಕನ್ನಡ ಸುದ್ದಿ ವಾಹಿನಿಗಳಿಗೆ ದಂಡ ವಿಧಿಸಿತು. ದಂಡದ ಮೊತ್ತ ದೊಡ್ಡದಲ್ಲ. ಆದರೆ ಆ ಪ್ರಸಾರ ತಪ್ಪು ಎಂದು ಅವರದೇ ಮನೆಯ ಪಂಚಾಯಿತಿ ಬರೆದುಕೊಟ್ಟಿತು. ಇದು ಹೇಗೆ ಸಾಧ್ಯವಾಯಿತು? ಕನ್ನಡ ಬಲ್ಲವರು, ಕನ್ನಡ ವಾಹಿನಿಯನ್ನು ಕಿವಿಗೊಟ್ಟು ನೋಡಿದ್ದರಿಂದ. ಟಿವಿ ಆರಿಸಿದವನಿಗೆ ಸಿಟ್ಟು ಉಳಿಯುತ್ತದೆ, ಸಾಕ್ಷ್ಯ ಉಳಿಯುವುದಿಲ್ಲ. ಈ ದಾರಿ ಇಂದಿಗೂ ಎಲ್ಲರಿಗೂ ತೆರೆದಿದೆ. ಮೊದಲು ವಾಹಿನಿಗೇ ಬರೆಯಬೇಕು, ತಡಮಾಡದೆ ಬರೆಯಬೇಕು, ದಿನಾಂಕ, ಸಮಯ, ಮಾತು ಮೂರನ್ನೂ ಬರೆಯಬೇಕು. ಅಲ್ಲಿ ಸಮಾಧಾನ ಸಿಗದಿದ್ದರೆ ಮೇಲಿನ ಹಂತಕ್ಕೆ ಹೋಗಬೇಕು.

ಕನ್ನಡ ಟಿವಿಯಿಂದ ನಮಗೆ ಆದ ಉಪಕಾರವನ್ನೂ ಹೇಳಬೇಕು. ಉರ್ದು ಶಾಲೆಯಲ್ಲಿ ಓದಿ, ಮದುವೆಯಾಗಿ ಮನೆಯೊಳಗೇ ಉಳಿದ ನಮ್ಮ ಎಷ್ಟೋ ತಾಯಂದಿರು ಕನ್ನಡ ಕಲಿತದ್ದು ಧಾರಾವಾಹಿಗಳಿಂದ. ಅದರಿಂದಾಗಿ ಅವರು ಮಕ್ಕಳ ಶಾಲೆಗೆ ಹೋಗಿ ಮೇಷ್ಟ್ರ ಜೊತೆ ಮಾತಾಡಿದರು, ಪಡಿತರ ಅಂಗಡಿಯಲ್ಲಿ ಲೆಕ್ಕ ಕೇಳಿದರು, ಆಸ್ಪತ್ರೆಯಲ್ಲಿ ತಮ್ಮ ನೋವನ್ನು ತಾವೇ ಹೇಳಿದರು. ಬೇರೆಯವರ ಭಾಷೆಯ ಟಿವಿ ನೋಡಿದರೆ ನಮ್ಮತನ ಹೋಗುತ್ತದೆ ಎಂಬ ಭಯ ಪೂರ್ತಿ ನಿಜವಲ್ಲ. ಅವರ ಮನೆಮಾತೂ ಉಳಿಯಿತು, ಕನ್ನಡವೂ ಬಂತು. ಹಾಗೆ ನೋಡಿದರೆ ಈ ಭಯ ಕನ್ನಡಿಗರಿಗೂ ಇದೆ. ಡಬ್ಬಿಂಗ್ ಬೇಡ ಎಂದು ಕನ್ನಡ ಚಿತ್ರರಂಗ ದಶಕಗಳ ಕಾಲ ಹಠ ಹಿಡಿದದ್ದು, 2015ರಲ್ಲಿ ಸ್ಪರ್ಧಾ ಆಯೋಗ ಆ ತಡೆ ಸರಿಯಲ್ಲ ಎಂದದ್ದು ನಿಮಗೆ ಗೊತ್ತು. ಕನ್ನಡದ ಮಕ್ಕಳೂ ಹಿಂದಿ, ಇಂಗ್ಲಿಷ್ ಕಾರ್ಟೂನುಗಳನ್ನೇ ನೋಡಿ ಬೆಳೆದರು. ಅವರ ತಾಯಂದಿರ ಚಿಂತೆ, ನಮ್ಮ ತಾಯಂದಿರ ಚಿಂತೆ ಬೇರೆಯಲ್ಲ. ಇದನ್ನು ಪರಸ್ಪರ ಹೇಳಿಕೊಂಡರೆ 1994 ಮತ್ತೆ ಬರುವುದಿಲ್ಲ.

ಮಾಡಬಹುದಾದ ಕೆಲಸ

ಕೊನೆಗೆ ಕೆಲವು ಸಣ್ಣ ಸಲಹೆಗಳು. ಇವಕ್ಕೆ ದುಡ್ಡು ಬೇಕಾಗಿಲ್ಲ.

ಪೋಷಕರಿಗೆ ಮೊದಲನೆಯದು. ಟಿವಿ ಯಾವ ಭಾಷೆಯಲ್ಲಾದರೂ ಇರಲಿ, ಅದರ ಮುಂದೆ ನೀವು ಮನೆಮಾತಿನಲ್ಲಿ ಮಾತಾಡಿ. ಧಾರಾವಾಹಿಯ ಸೊಸೆ ಮಾಡಿದ್ದು ಸರಿಯೋ ತಪ್ಪೋ ಎಂದು ದಖ್ಖನಿಯಲ್ಲಿ ಜಗಳವಾಡಿ. ಕ್ರಿಕೆಟ್ ಸೋತಾಗ ಬ್ಯಾರಿಯಲ್ಲಿ ಬೇಸರಪಡಿ. ಮಗುವಿಗೆ ಭಾಷೆ ಬರುವುದು ತನ್ನನ್ನು ಕೇಳುವವರಿಂದ, ತನಗೆ ಉತ್ತರ ಕೊಡುವವರಿಂದ. ಟಿವಿ ಎಷ್ಟು ಮಾತಾಡಿದರೂ ಮಗು ಹೇಳಿದ್ದನ್ನು ಅದು ಕೇಳಿಸಿಕೊಳ್ಳುವುದಿಲ್ಲ. ದಾದಿ ಕೇಳಿಸಿಕೊಳ್ಳುತ್ತಾರೆ. ಈಗ ಟಿವಿಯೂ ಹಿಂದೆ ಸರಿದು ಒಬ್ಬೊಬ್ಬರ ಕೈಗೂ ಒಂದೊಂದು ಫೋನು ಬಂದಿದೆ. ಹಿಂದೆ ಒಂದೇ ಟಿವಿಯ ಮುಂದೆ ಕೂತು ಜಗಳವಾದರೂ ಆಗುತ್ತಿತ್ತು. ಈಗ ಒಂದೇ ಮನೆಯಲ್ಲಿ ಐದು ಮಂದಿ ಐದು ಭಾಷೆಯಲ್ಲಿ, ಕಿವಿಗೆ ತಂತಿ ಸಿಕ್ಕಿಸಿಕೊಂಡು ಕೂತಿದ್ದಾರೆ. ದಿನಕ್ಕೆ ಒಂದು ಗಂಟೆಯಾದರೂ ಫೋನುಗಳನ್ನು ಬದಿಗಿಟ್ಟು ಒಟ್ಟಿಗೆ ಕೂತುಕೊಳ್ಳಿ.

ವಿದ್ಯಾರ್ಥಿಗಳಿಗೆ ಎರಡನೆಯದು. ನಿಮ್ಮ ಕೈಯಲ್ಲಿರುವ ಫೋನಿನಲ್ಲಿ ಕ್ಯಾಮೆರಾ ಇದೆ, ಮೈಕ್ ಇದೆ. ದಾದಿಯ ಒಂದು ಕಥೆ, ಮದುವೆ ಮನೆಯ ಒಂದು ಹಾಡು, ಊರಿನ ಹಳೆಯ ಕಸುಬಿನ ಮಾತು ರೆಕಾರ್ಡ್ ಮಾಡಿ. ಅದರ ಕೆಳಗೆ ಕನ್ನಡದಲ್ಲಿ ಅಕ್ಷರಗಳನ್ನು ಹಾಕಿ. ಆಗ ಅದು ನಿಮ್ಮ ಮಕ್ಕಳಿಗೂ ಉಳಿಯುತ್ತದೆ, ಪಕ್ಕದ ಮನೆಯವರಿಗೂ ಅರ್ಥವಾಗುತ್ತದೆ. ಹತ್ತು ನಿಮಿಷಕ್ಕೆ ಈಗ ಯಾರ ಅಪ್ಪಣೆಯೂ ಬೇಕಾಗಿಲ್ಲ.

ಮೂರನೆಯದು ಓದುವ ವಿಷಯ. ವಿದ್ಯಾರ್ಥಿವೇತನದ ಅರ್ಜಿ ತುಂಬುವಾಗ ಎಲ್ಲರೂ ಇಂಜಿನಿಯರಿಂಗ್, ವೈದ್ಯಕೀಯ, ವಾಣಿಜ್ಯ ಎಂದು ಬರೆಯುತ್ತೀರಿ. ತಪ್ಪಿಲ್ಲ, ಮನೆ ನಡೆಯಬೇಕು. ಆದರೆ ನೂರು ಮಂದಿಯಲ್ಲಿ ನಾಲ್ಕು ಮಂದಿಯಾದರೂ ಪತ್ರಿಕೋದ್ಯಮ, ಛಾಯಾಗ್ರಹಣ, ಸಂಕಲನ, ಭಾಷಾಂತರ ಆರಿಸಿಕೊಳ್ಳಿ. ಒಳ್ಳೆಯ ಕನ್ನಡ ಕಲಿಯಿರಿ. ಸುದ್ದಿಮನೆಯಲ್ಲಿ ಕೂತವರಿಗೆ ನಿಮ್ಮ ಮನೆಯ ವಿಷಯ ಗೊತ್ತಿರಬೇಕಾದರೆ ನಿಮ್ಮಲ್ಲೊಬ್ಬರು ಅಲ್ಲಿ ಕೂತಿರಬೇಕು. ಹೆಣ್ಣುಮಕ್ಕಳು ಈ ಕೆಲಸಕ್ಕೆ ಹಿಂಜರಿಯಬಾರದು, ಪೋಷಕರು ತಡೆಯಬಾರದು. ಇನ್ನೊಬ್ಬರು ನಮ್ಮನ್ನು ತಪ್ಪಾಗಿ ತೋರಿಸಿದರು ಎಂದು ದೂರುವ ಹಕ್ಕು ನಮಗಿದೆ. ಸರಿಯಾಗಿ ತೋರಿಸುವ ಜವಾಬ್ದಾರಿಯೂ ನಮ್ಮದೇ.

ಟ್ರಸ್ಟಿನ ಹಿರಿಯರಲ್ಲಿ ಒಂದು ಕೋರಿಕೆ. ಮುಂದಿನ ಸಾಲಿನ ವಿದ್ಯಾರ್ಥಿವೇತನ ಪ್ರಕಟಣೆಯಲ್ಲಿ ಈ ಕೋರ್ಸುಗಳ ಹೆಸರನ್ನೂ ಬಿಡಿಸಿ ಬರೆಯಿರಿ. ‘ಇತರೆ’ ಎಂಬ ಖಾನೆಯಲ್ಲಿ ಅವನ್ನು ಸೇರಿಸಿದರೆ ಮಕ್ಕಳ ಕಣ್ಣಿಗೆ ಬೀಳುವುದಿಲ್ಲ. ಪ್ರಕಟಣೆಯಲ್ಲಿ ಹೆಸರು ಕಂಡರೆ, ಹಾಗೆ ಓದುವುದೂ ಓದೇ ಎಂದು ಒಬ್ಬ ತಂದೆಗಾದರೂ ಅನ್ನಿಸುತ್ತದೆ.

ಇಂದು ವೇತನ ಪಡೆಯುತ್ತಿರುವ ಎಲ್ಲ ಮಕ್ಕಳಿಗೂ ಅಲ್ಲಾಹನು ಜ್ಞಾನವನ್ನು, ಅದನ್ನು ಹಂಚುವ ಮನಸ್ಸನ್ನು ಕೊಡಲಿ.